ಆರು ಚಕ್ರ, ಆರು ತೂತು: ನೆಲಕ್ಕೂ ನೀರಿಗೂ ಇಳಿಯುವ ಹಳೇ ಗಾಡಿಯನ್ನು ಮನೆಯಲ್ಲೇ ಎಬ್ಬಿಸಿದ್ದು

ಹಳೆಯ ಗಾಡಿ ಮನೆಗೆ ಬಂತು ಅಂದರೆ ನೋಡಲು ಬಂದವರೆಲ್ಲ ಕೇಳುವುದು ಒಂದೇ ಮಾತು: "ಇಂಜಿನ್ ಸ್ಟಾರ್ಟ್ ಆಗುತ್ತಾ?" ಕಾರೋ ಸ್ಕೂಟರೋ ಆಗಿದ್ದರೆ ಸರಿಯಾದ ಪ್ರಶ್ನೆಯೇ. ನಾನು ತಂದಿದ್ದು ಆರು ಚಕ್ರದ ಗಾಡಿ. ಕೆಸರಲ್ಲಿ ಓಡಬೇಕು, ಗುಡ್ಡ ಹತ್ತಬೇಕು, ಹಾಗೇ ಕೆರೆಗೂ ಇಳಿದು ತೇಲಬೇಕು. ಇಂಥದ್ದರಲ್ಲಿ ಇಂಜಿನ್ ಕೆಲಸ ಎಲ್ಲಕ್ಕಿಂತ ಸುಲಭ. ನಿಜವಾದ ಕೆಲಸ ಇರುವುದು ಕೆಳಗೆ. ಚಕ್ರಗಳನ್ನು ಹೊತ್ತ ಆರು ಆಕ್ಸಲ್‌ಗಳು ಪ್ಲಾಸ್ಟಿಕ್ ತೊಟ್ಟಿಯನ್ನು ತೂರಿ ಹೊರಗೆ ಬರುತ್ತವಲ್ಲ, ಆ ಆರು ತೂತುಗಳಲ್ಲಿ. ಅಲ್ಲಿ ಆಕ್ಸಲ್ ಸಲೀಸಾಗಿ ತಿರುಗಬೇಕು, ನೀರು ಮಾತ್ರ ಒಳಗೆ ಬರಬಾರದು. ನನ್ನ ಸಮಯದ ಹೆಚ್ಚಿನ ಪಾಲು ಹೋಗಿದ್ದು ಅದಕ್ಕೇ.

ಗಾಡಿಯನ್ನು ಕಾಣದವರಿಗೆ ಎರಡು ಮಾತು. ಇದರ ಮೈ ಎರಡು ಪ್ಲಾಸ್ಟಿಕ್ ತೊಟ್ಟಿಗಳನ್ನು ಒಂದರ ಮೇಲೊಂದು ಮುಚ್ಚಿದಂತೆ ಇರುತ್ತದೆ. ಕೆಳಗಿನ ತೊಟ್ಟಿಯೊಳಗೆ ಕಬ್ಬಿಣದ ಫ್ರೇಮ್, ಅದರ ಮೇಲೆ ಇಂಜಿನ್, ಗೇರ್‌ಬಾಕ್ಸ್, ಸೀಟು. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ದಪ್ಪ ಬಲೂನಿನಂಥ ಟೈರುಗಳೇ ಎಲ್ಲವನ್ನೂ ನುಂಗಿಕೊಳ್ಳಬೇಕು. ಸ್ಟೀರಿಂಗ್ ಚಕ್ರವೂ ಇಲ್ಲ, ಎರಡು ಲಿವರ್ ಅಷ್ಟೇ. ಎಡ ಲಿವರ್ ಎಳೆದರೆ ಎಡಗಡೆಯ ಮೂರೂ ಚಕ್ರ ನಿಲ್ಲುತ್ತವೆ, ಬಲಗಡೆಯವು ಓಡುತ್ತಲೇ ಇರುತ್ತವೆ, ಗಾಡಿ ಎಡಕ್ಕೆ ತಿರುಗುತ್ತದೆ. ಎರಡೂ ಎಳೆದರೆ ನಿಲ್ಲುತ್ತದೆ. ನೀರಲ್ಲಿ ಪ್ರೊಪೆಲ್ಲರ್ ಕೂಡ ಬೇಡ. ತಿರುಗುವ ಟೈರಿನ ಗುಬುಟುಗಳೇ ದೋಣಿಯ ಹುಟ್ಟಿನಂತೆ ನೀರನ್ನು ತಳ್ಳುತ್ತವೆ.

ಇಂಥ ಸಣ್ಣ ಗಾಡಿಗಳು ಶುರುವಾಗಿದ್ದು 1960ರ ದಶಕದ ಆರಂಭದಲ್ಲಿ, ಕೆನಡಾದ ಜಿಗರ್ ಅನ್ನುವ ಗಾಡಿಯ ಜೊತೆ. 1967ರಲ್ಲಿ ಅದೇ ದೇಶದ ಒಂಟಾರಿಯೋದಿಂದ ಆರ್ಗೋ ಬಂತು. ಅದು ಈಗಲೂ ತಯಾರಾಗುತ್ತಿದೆ. ಅಮೆರಿಕದಲ್ಲಿ ಆಂಫಿಕ್ಯಾಟ್, ಆಟೆಕ್ಸ್, ಮ್ಯಾಕ್ಸ್ ಅಂತ ಸಾಲು ಸಾಲು ಹೆಸರುಗಳು ಹುಟ್ಟಿಕೊಂಡವು. 1970ರಲ್ಲಿ ಹೋಂಡಾ ಮೂರು ಚಕ್ರದ, ಬೈಕಿನಂತೆ ಆಚೀಚೆ ಕಾಲು ಹಾಕಿ ಕೂರುವ ಗಾಡಿಯನ್ನು ಬಿಟ್ಟಿತು. ಜನ ನಿಧಾನಕ್ಕೆ ಆ ಕಡೆ ವಾಲಿದರು. ಆರು ಚಕ್ರದವರಲ್ಲಿ ಬಹಳಷ್ಟು ಕಂಪನಿಗಳು ಬಾಗಿಲು ಹಾಕಿದವು. ನನ್ನ ಗಾಡಿ ಆ ಕಾಲದ್ದೇ. ಮಾಡಿದ ಕಂಪನಿ ಈಗಿಲ್ಲ, ಹಾಗಾಗಿ ಬಿಡಿಭಾಗದ ಪುಸ್ತಕ ಸಿಕ್ಕರೂ ಅದರಲ್ಲಿರುವ ನಂಬರುಗಳಿಂದ ಏನೂ ಪ್ರಯೋಜನವಿಲ್ಲ. ಪುಣ್ಯಕ್ಕೆ ಬೇರಿಂಗ್, ಚೈನ್, ಆಯಿಲ್ ಸೀಲ್ ಇವೆಲ್ಲ ಕಾರ್ಖಾನೆ ಯಂತ್ರಗಳಿಗೂ ಹೊಲದ ಯಂತ್ರಗಳಿಗೂ ಬಳಸುವ ಸಾಮಾನ್ಯ ಅಳತೆಯವೇ. ಅಳೆಯಲು ಬಂದರೆ ಸಾಕು, ಸಿಗುತ್ತವೆ.

ಮೇಲಿನ ತೊಟ್ಟಿ ಬಿಚ್ಚಿದಾಗ ಒಳಗೆ ಕಂಡಿದ್ದನ್ನು ಹೇಳದಿರುವುದೇ ವಾಸಿ. ಎಲೆ, ಕೆಸರು, ಇಲಿ ಗೂಡು, ಎಣ್ಣೆ ಎಲ್ಲ ಸೇರಿ ಕಪ್ಪು ಮುದ್ದೆಯಾಗಿತ್ತು. ಅದರೊಳಗೆ ಅರ್ಧ ಮುಳುಗಿದ ಚೈನುಗಳು. ಕೆರೆದು ತೆಗೆದು ನೋಡಿದರೆ ತೊಟ್ಟಿಯ ತಳದಲ್ಲಿ ಉದ್ದಕ್ಕೆ ಎರಡು ಗೀರು. ಜೋತುಬಿದ್ದ ಚೈನು ಓಡುವಾಗಲೆಲ್ಲ ತಳವನ್ನು ಉಜ್ಜಿ ಉಜ್ಜಿ ಪ್ಲಾಸ್ಟಿಕ್ಕನ್ನು ಅರ್ಧ ದಪ್ಪಕ್ಕೆ ಇಳಿಸಿತ್ತು. ಇನ್ನೊಂದಿಷ್ಟು ದಿನ ಓಡಿಸಿದ್ದರೆ ತಳವೇ ಸೀಳುತ್ತಿತ್ತು.

ನನ್ನ ಅಣ್ಣನಿಗೆ ಇದರಲ್ಲಿ ಆಸಕ್ತಿ ಇಲ್ಲ. "ಮೊದಲು ಇಂಜಿನ್ ಸ್ಟಾರ್ಟ್ ಮಾಡೋ, ಅದೇ ಆಗದಿದ್ರೆ ಉಳಿದಿದ್ದೆಲ್ಲ ಮಾಡಿ ಏನು?" ಅಂತ ಅವನ ವಾದ. "ಸ್ವಲ್ಪ ತಡಿ ಅಣ್ಣ" ಅಂದೆ. ಕಾರಣ ಸರಳ. ಇಂಜಿನ್ ಕೂರುವುದು ಚೈನುಗಳ ಮೇಲೆ. ಅದನ್ನು ಕೂರಿಸಿಬಿಟ್ಟರೆ ಕೆಳಗಿನ ಬೇರಿಂಗ್‌ಗೆ ಸ್ಪಾನರ್ ಹಾಕಲು ಜಾಗವೇ ಇರಲ್ಲ. ಯಾವುದಕ್ಕೆ ಆಮೇಲೆ ಕೈ ಹೋಗುವುದಿಲ್ಲವೋ ಅದನ್ನು ಮೊದಲು ಮುಗಿಸಬೇಕು. ಹಾಗಾಗಿ ಇಂಜಿನ್ ಇಳಿಸಿ, ಬಟ್ಟೆ ಮುಚ್ಚಿ ಮೂಲೆಗಿಟ್ಟೆ.

ಮೊದಲ ಕೆಲಸ ಪ್ಲಾಸ್ಟಿಕ್ ಯಾವುದು ಅಂತ ಕಂಡುಹಿಡಿಯುವುದು. ಇದು ಗೊತ್ತಿಲ್ಲದೆ ಅಂಟು ತರಬೇಡಿ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ, ಇಲ್ಲವೇ ಪಾಲಿಥಿನ್ ಜಾತಿಯ ಎಚ್‌ಡಿಪಿಇ. ಎರಡರ ರಿಪೇರಿ ಪೂರ್ತಿ ಬೇರೆ. ಎಬಿಎಸ್‌ ಅನ್ನು ಅಸಿಟೋನ್ ಎಂಬ ದ್ರಾವಕ ಕರಗಿಸುತ್ತದೆ, ಅದರಿಂದಲೇ ಅಂಟಿಸಬಹುದು. ಎಚ್‌ಡಿಪಿಇಗೆ ಸಾಮಾನ್ಯ ಅಂಟು ಯಾವುದೂ ಸರಿಯಾಗಿ ಹಿಡಿಯಲ್ಲ. ಅದನ್ನು ಬಿಸಿ ಗಾಳಿಯಿಂದ, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಹಾಕಿ ವೆಲ್ಡ್ ಮಾಡಬೇಕು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಎಲ್ಲೂ ಕಾಣದ ಅಂಚಿನಿಂದ ಉಗುರಿನಷ್ಟು ಚೂರು ಕತ್ತರಿಸಿ ಒಂದು ಲೋಟ ನೀರಿಗೆ ಹಾಕಿದೆ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಮೋಸ ಹೋಗುತ್ತೇವೆ ಅಂತ ಬೆರಳಲ್ಲಿ ಒತ್ತಿ ಮುಳುಗಿಸಿ ಬಿಟ್ಟೆ. ಮೇಲೆ ಬರಲಿಲ್ಲ, ತಳ ಸೇರಿತು. ಎಚ್‌ಡಿಪಿಇ ನೀರಿಗಿಂತ ಹಗುರ, ತೇಲಬೇಕಿತ್ತು. ಆಮೇಲೆ ಅದೇ ಚೂರಿನ ಮೇಲೆ ಒಂದು ತೊಟ್ಟು ಅಸಿಟೋನ್. ಕೆಲವೇ ಕ್ಷಣದಲ್ಲಿ ಮೇಲ್ಮೈ ಜಿಗುಟಾಯಿತು, ಬೆರಳಿನ ಗುರುತು ಹಾಗೇ ಕೂತಿತು. ಎಬಿಎಸ್ ಅಂತ ಗ್ಯಾರಂಟಿ ಆಯಿತು.

ಆದರೆ ಬಿರುಕು ಮುಚ್ಚುವ ಮೊದಲು ಹಿಂದಿನವರು ಮಾಡಿದ್ದನ್ನು ಬಿಡಿಸಬೇಕಿತ್ತು. ನೀರು ಸೋರುತ್ತಿದೆ ಅಂತ ಯಾರೋ ಕಂಡ ಕಂಡಲ್ಲೆಲ್ಲ ಸಿಲಿಕೋನ್ ಮೆತ್ತಿದ್ದರು. ಸಿಲಿಕೋನ್ ಬಗ್ಗೆ ನನಗೆ ಸಿಟ್ಟಿದೆ. ತಾನೂ ಗಟ್ಟಿಯಾಗಿ ಹಿಡಿಯಲ್ಲ, ತಾನು ಮುಟ್ಟಿದ ಜಾಗದಲ್ಲಿ ಬೇರೆ ಯಾವುದನ್ನೂ ಹಿಡಿಯಲು ಬಿಡಲ್ಲ. ಬ್ಲೇಡಿನಲ್ಲಿ ಕೆರೆದು, ಎಮರಿ ಪೇಪರ್ ಉಜ್ಜಿ, ಹೊಸ ಪ್ಲಾಸ್ಟಿಕ್ ಕಾಣುವವರೆಗೂ ಬಿಡಲಿಲ್ಲ. ಬೇಸರದ ಕೆಲಸ, ಬೇರೆ ದಾರಿ ಇಲ್ಲ.

ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದೆ. ಬಿರುಕು ಮುಂದಕ್ಕೆ ಓಡುವುದು ಅದರ ಚೂಪು ತುದಿಯಿಂದ. ದುಂಡು ತೂತು ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ಅಂಚನ್ನು ಓರೆಯಾಗಿ ಕೆರೆದು ಸಣ್ಣ ಕಾಲುವೆಯಂತೆ ಮಾಡಿಕೊಂಡೆ. ಗಾಜಿನ ಬಾಟಲಿಯಲ್ಲಿ ಎಬಿಎಸ್ ಚೂರುಗಳಿಗೆ ಅಸಿಟೋನ್ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಗಟ್ಟಿ ಗಂಜಿಯಂತಾಗಿರುತ್ತದೆ. ಇದನ್ನು ಒಂದೇ ಸಲ ತುಂಬಬಾರದು. ದಪ್ಪ ಬಳಿದರೆ ಮೇಲಿನ ಪದರ ಒಣಗಿ ಒಳಗಿನ ಅಸಿಟೋನ್ ಸಿಕ್ಕಿಹಾಕಿಕೊಳ್ಳುತ್ತದೆ, ಗುಳ್ಳೆ ಬರುತ್ತದೆ. ತೆಳ್ಳಗೆ ಬಳಿ, ಒಣಗಲಿ, ಮತ್ತೆ ಬಳಿ. ಒಳಗಡೆಯಿಂದ ಫೈಬರ್ ಗ್ಲಾಸ್ ಬಟ್ಟೆಯ ಪಟ್ಟಿಯನ್ನು ಅದೇ ಗಂಜಿಯಲ್ಲಿ ನೆನೆಸಿ ಹಾಸಿದೆ. ಚೈನು ತಿಂದ ಗೀರುಗಳ ಮೇಲೂ ಹಾಗೇ. ಮುಟ್ಟಿದರೆ ಬೇಗ ಗಟ್ಟಿ ಅನ್ನಿಸುತ್ತದೆ, ಒಳಗೆ ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಅಸಿಟೋನ್ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ತಲೆಯನ್ನೂ ಸುತ್ತಿಸುತ್ತದೆ. ಬಯಲಲ್ಲಿ ಮಾಡಿ, ಹತ್ತಿರದಲ್ಲಿ ಬೆಂಕಿ ಬೇಡ.

ಇಲ್ಲೇ ಇನ್ನೊಂದು ಮಾತು. ನಟ್ಟು ಸಡಿಲವಾಗದಿರಲಿ ಅಂತ ಥ್ರೆಡ್‌ಲಾಕ್ ದ್ರವ ಹಾಕುವ ಅಭ್ಯಾಸ ನಮಗೆಲ್ಲ ಇದೆ. ಎಬಿಎಸ್ ಹತ್ತಿರ ಅದು ಬೇಡ. ಎಳೆತದಲ್ಲಿರುವ ಪ್ಲಾಸ್ಟಿಕ್ಕಿಗೆ ಅದು ತಾಗಿದರೆ ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕುಗಳು ಏಳುತ್ತವೆ. ತೊಟ್ಟಿಯನ್ನು ಹಾದುಹೋಗುವ ಬೋಲ್ಟುಗಳಿಗೆಲ್ಲ ನೈಲಾನ್ ಬಳೆ ಇರುವ ಲಾಕ್ ನಟ್ಟನ್ನೇ ಹಾಕಿದೆ, ಕೆಳಗೆ ಅಗಲ ವಾಷರ್ ಕೊಟ್ಟೆ.

ಇನ್ನು ಆ ಆರು ತೂತು. ಪ್ರತಿ ಆಕ್ಸಲ್‌ಗೆ ಎರಡು ಬೇರಿಂಗ್: ಒಂದು ಒಳಗೆ ಫ್ರೇಮಿನಲ್ಲಿ, ಇನ್ನೊಂದು ಹೊರಗೆ ತೊಟ್ಟಿಯ ಗೋಡೆಯಲ್ಲಿ. ಹೊರಗಿನ ಬೇರಿಂಗ್ ತಗಡಿನ ಫ್ಲ್ಯಾಂಜ್ ಒಳಗೆ, ಅಂದರೆ ಗೋಡೆಗೆ ಬೋಲ್ಟು ಹಾಕುವ ಅಗಲ ಅಂಚಿನ ಕವಚದೊಳಗೆ ಕೂತಿರುತ್ತದೆ. ಫ್ಲ್ಯಾಂಜಿಗೂ ಪ್ಲಾಸ್ಟಿಕ್ಕಿಗೂ ನಡುವೆ ರಬ್ಬರ್ ಪ್ಯಾಕಿಂಗ್. ನೀರನ್ನು ತಡೆಯುವುದು ಈ ಪ್ಯಾಕಿಂಗ್, ಬೇರಿಂಗಿನ ಸೀಲ್, ಮತ್ತೆ ಒಳಗೆ ತುಂಬಿದ ಗ್ರೀಸ್. ಮೂರರಲ್ಲಿ ಗ್ರೀಸನ್ನೇ ನಾನು ಹೆಚ್ಚು ನಂಬುತ್ತೇನೆ. ನನ್ನ ಗಾಡಿಯಲ್ಲಿ ಗ್ರೀಸ್ ಒಣಗಿ ಮಣ್ಣಿನ ಹೆಂಟೆಯಂತಾಗಿತ್ತು. ಬೇರಿಂಗಿನ ಒಳಬಳೆ ಆಕ್ಸಲ್‌ಗೆ ತುಕ್ಕಿನಿಂದ ಬೆಸೆದುಕೊಂಡಿತ್ತು.

ಲೋಹಕ್ಕೆ ಲೋಹ ಅಂಟಿದಾಗ ಗ್ಯಾಸ್ ಬೆಂಕಿ ಹಿಡಿಯುವುದು ವಾಡಿಕೆ. ಇಲ್ಲಿ ಎರಡು ಬೆರಳು ಆಚೆಗೆ ಪ್ಲಾಸ್ಟಿಕ್ ಗೋಡೆ ಇದೆ. ಹಾಗಾಗಿ ಹೀಟ್ ಗನ್ ಹಿಡಿದು, ಗೋಡೆಗೆ ಒದ್ದೆ ಬಟ್ಟೆ ಹಾಸಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಬಿಗಿ ಮಾಡಿ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಪುಲ್ಲರ್ ಎಳೆಯುತ್ತಲೇ ಇರುತ್ತದೆ, ಎಣ್ಣೆ ಇಳಿಯುತ್ತಲೇ ಇರುತ್ತದೆ. ಮರುದಿನ ಇನ್ನೊಂದು ಕಾಲು ಸುತ್ತು. ಟಕ್ ಅಂತ ಸದ್ದು ಬಂದರೆ ಬಿಟ್ಟಿತು ಅಂತ ಅರ್ಥ. ಒಂದು ಮಾತ್ರ ಕೊನೆಗೂ ಬಗ್ಗಲಿಲ್ಲ. ಅದರ ಒಳಬಳೆಯನ್ನು ಗ್ರೈಂಡರಿನಲ್ಲಿ ಓರೆಯಾಗಿ ಸೀಳಿ, ಚಾಣದಿಂದ ಒಡೆದು ತೆಗೆಯಬೇಕಾಯಿತು.

ಹೊಸ ಬೇರಿಂಗ್ ತರುವಾಗ ವರ್ನಿಯರ್ ಹಿಡಿದು ಅಳೆದೆ. ಆಕ್ಸಲ್ 25.4 ಮಿ.ಮೀ. ಇತ್ತು, ಅಂದರೆ ಒಂದು ಇಂಚು. ಇಲ್ಲಿ ಹುಷಾರಾಗಿರಬೇಕು. ಯುಸಿ205 ಅಂತ ಕೇಳಿದರೆ ಕೊಡುವುದು 25 ಮಿ.ಮೀ. ಒಳ ಅಳತೆಯದ್ದು. ನೋಡಲು ಅದೇ, ಹೊರ ಅಳತೆಯೂ ಅದೇ, ಆದರೆ ಒಂದು ಇಂಚಿನ ಆಕ್ಸಲ್‌ಗೆ ಹತ್ತಲ್ಲ. ಬೇಕಾದ್ದು ಯುಸಿ205-16. ಕೊನೆಯ 16 ಅಂದರೆ ಹದಿನಾರರ ಲೆಕ್ಕದಲ್ಲಿ 16/16 ಇಂಚು. ಒಂದೂಕಾಲು ಇಂಚಿನ ಆಕ್ಸಲ್ ಇದ್ದವರು ಯುಸಿ206-20 ಕೇಳಬೇಕು. ಇಷ್ಟು ಗೊತ್ತಿದ್ದರೆ ಮುಚ್ಚಿಹೋದ ಕಂಪನಿಯ ಬಿಡಿಭಾಗಕ್ಕಾಗಿ ಪರದಾಡುವುದು ತಪ್ಪುತ್ತದೆ.

ಹಳೆಯ ಫ್ಲ್ಯಾಂಜುಗಳು ಸೊಟ್ಟಗಾಗಿದ್ದವು. ಗಾಜಿನ ಹಾಳೆಯ ಮೇಲೆ ಎಮರಿ ಪೇಪರ್ ಹಾಸಿ, ಫ್ಲ್ಯಾಂಜಿನ ಮುಖವನ್ನು ಅದರ ಮೇಲೆ ಉಜ್ಜಿದೆ. ಎತ್ತರದ ಜಾಗ ಮೊದಲು ಹೊಳೆಯುತ್ತದೆ, ತಗ್ಗು ಕಪ್ಪಾಗೇ ಉಳಿಯುತ್ತದೆ. ಪೂರ್ತಿ ಒಂದೇ ಬಣ್ಣ ಬರುವವರೆಗೂ ಉಜ್ಜಬೇಕು. ಪ್ಯಾಕಿಂಗನ್ನು 3 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆಯಿಂದ ನಾನೇ ಕತ್ತರಿಸಿದೆ. ಎಣ್ಣೆ, ಗ್ರೀಸ್ ತಾಗಿದರೂ ಅದು ಉಬ್ಬುವುದಿಲ್ಲ. ಬೋಲ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ರಬ್ಬರ್ ಅಂಚಿನಿಂದ ತುಸು ಉಬ್ಬಿ ಕಂಡರೆ ಸಾಕು. ಇನ್ನೂ ಬಿಗಿ ಮಾಡಿದರೆ ರಬ್ಬರ್ ಜಾರಿ ಹೊರಗೆ ಬರುತ್ತದೆ, ಸೋರಿಕೆ ಜಾಸ್ತಿ ಆಗುತ್ತದೆ.

ಒಂದೊಂದು ಬದಿಯ ಮೂರು ಚಕ್ರಕ್ಕೂ ಶಕ್ತಿ ಹೋಗುವುದು ಚೈನುಗಳಿಂದ. ನನ್ನದರಲ್ಲಿ 50 ನಂಬರಿನ ರೋಲರ್ ಚೈನ್, ಪಿಚ್ (ಒಂದು ಕೊಂಡಿಯಿಂದ ಇನ್ನೊಂದಕ್ಕೆ ಇರುವ ದೂರ) 5/8 ಇಂಚು, ಅಂದರೆ 15.875 ಮಿ.ಮೀ. ಚೈನ್ ಸವೆದಿದೆಯೇ ಅಂತ ಕಣ್ಣಿಗೆ ಕಾಣಲ್ಲ, ಅಳೆಯಬೇಕು. ಎಳೆದು ಹಿಡಿದು 16 ಕೊಂಡಿ ಅಳೆದರೆ ಹೊಸದರಲ್ಲಿ 254 ಮಿ.ಮೀ. ಇರಬೇಕು. ನನ್ನದರಲ್ಲಿ ಒಂದು ಚೈನ್ 262 ತೋರಿಸಿತು. 3 ಪರ್ಸೆಂಟ್‌ಗಿಂತ ಜಾಸ್ತಿ ಉದ್ದ ಆಗಿದೆ ಅಂದರೆ ಅದರ ಕಥೆ ಮುಗಿದ ಹಾಗೆ. ಹೊಸ ಚೈನನ್ನು ಕೊಕ್ಕೆಯಾದ ಹಳೆ ಹಲ್ಲಿನ ಸ್ಪ್ರಾಕೆಟ್ ಮೇಲೆ ಹಾಕುವುದೂ ದಂಡ, ಅದನ್ನೂ ಬೇಗ ತಿಂದುಹಾಕುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದೆ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಬಾಯಿ ಮುಂದಿದ್ದರೆ ಎಲ್ಲಾದರೂ ತಗುಲಿ ಎಗರಿ ಹೋಗುತ್ತದೆ. ನೀರಿನ ಮಧ್ಯೆ ಚೈನ್ ಕಳಚಿದರೆ ಆ ಚೈನಿನ ಚಕ್ರಕ್ಕೆ ಶಕ್ತಿಯೇ ಹೋಗಲ್ಲ. 

ಗೇರ್‌ಬಾಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆ ಇಳಿಸಿದಾಗ ಹಾಲಿನ ಬಣ್ಣ ಇತ್ತು, ನೀರು ಸೇರಿತ್ತು. ಆದರೆ ಗೇರುಗಳು ಚೆನ್ನಾಗಿದ್ದವು. ಸೀಲ್ ಬದಲಿಸಿ, ಅಗ್ಗದ ಎಣ್ಣೆ ಹಾಕಿ ಕೈಯಲ್ಲಿ ತಿರುಗಿಸಿ ತೊಳೆದು, ಇಳಿಸಿ, ಒಳ್ಳೆಯದು ತುಂಬಿದೆ. ಇದರೊಳಗೆ ಸುತ್ತನ್ನು ಎರಡು ಬದಿಗೂ ಹಂಚುವ ಡಿಫರೆನ್ಷಿಯಲ್ ಇದೆ, ಎರಡು ಕಡೆಗೂ ಒಂದೊಂದು ಬ್ರೇಕ್. ಒಂದು ಕಡೆ ಬ್ರೇಕ್ ಹಿಡಿದರೆ ಅಲ್ಲಿನ ಸುತ್ತು ಇನ್ನೊಂದು ಕಡೆಗೆ ಹೋಗುತ್ತದೆ, ಆ ಕಡೆಯ ಚಕ್ರಗಳು ಎರಡರಷ್ಟು ವೇಗದಲ್ಲಿ ತಿರುಗುತ್ತವೆ. ಮೊದಲ ಸಲ ಓಡಿಸುವವರು ಲಿವರ್ ಜೋರಾಗಿ ಎಳೆದರೆ ಗಾಡಿ ಚಕ್ಕನೆ ಮೂತಿ ತಿರುಗಿಸುವುದು ಇದಕ್ಕೇ.

ತೊಟ್ಟಿ ಸೋರುತ್ತದೆಯೇ ಅಂತ ನೋಡಲು ಕೆರೆಯವರೆಗೂ ಹೋಗಬೇಕಿಲ್ಲ. ರಾತ್ರಿ ಹೊತ್ತು ತೊಟ್ಟಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿಟ್ಟು, ಒಳಗೆ ಪ್ರಖರ ಬಲ್ಬ್ ಹಚ್ಚಿ, ಉಳಿದ ದೀಪ ಆರಿಸಿ, ಕೆಳಗೆ ಮಲಗಿ ನೋಡಿದೆ. ಹಗಲಲ್ಲಿ ಕಾಣದ ಎರಡು ಬಿರುಕುಗಳು ಬೆಳಕಿನ ಗೆರೆಯಾಗಿ ಕಂಡವು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಿಗ್ಗೆ ಮತ್ತೆ ಗಂಜಿ ಬಳಿದೆ. ಅದು ಒಣಗಿದ ಮೇಲೆ ನೀರಿನ ಪರೀಕ್ಷೆ, ಉಲ್ಟಾ: ನೀರು ಒಳಗೆ, ನಾವು ಹೊರಗೆ. ತಳಕ್ಕೆ ಹಲಗೆ ಆನಿಸಿ, ಆಕ್ಸಲ್ ತೂತಿನ ಮೇಲಕ್ಕೆ ಸ್ವಲ್ಪವೇ ಬರುವಷ್ಟು ನೀರು ತುಂಬಿದೆ. ಪೂರ್ತಿ ತುಂಬಬಾರದು. 100 ಲೀಟರ್ ಅಂದರೆ 100 ಕೆ.ಜಿ., ಹೊರಗಿಂದ ನೀರಿನ ಒತ್ತಾಸೆ ಇಲ್ಲದ ತಳ ಅಷ್ಟನ್ನು ತಡೆಯಲ್ಲ. ಹೊರಗಿನ ಮೈಗೆ ಟಾಲ್ಕಂ ಪೌಡರ್ ಉದುರಿಸಿದ್ದೆ. ಸೋರಿದ ನೀರು ಎಲ್ಲಿಂದಲೋ ಹೊರಟು ಎಲ್ಲೋ ತೊಟ್ಟಿಕ್ಕುತ್ತದೆ. ಪೌಡರ್ ಮೇಲೆ ಮಾತ್ರ ಅದರ ದಾರಿ ಗೆರೆಯಾಗಿ ಮೂಡುತ್ತದೆ, ಮೂಲ ಸಿಗುತ್ತದೆ. ಬಲಗಡೆ ಹಿಂದಿನ ಫ್ಲ್ಯಾಂಜಿನಿಂದ ಒಂದು ಗೆರೆ ಇಳಿದಿತ್ತು. ಒಂದು ಬೋಲ್ಟಿನ ತೂತು ಹಿಂದೆಯೇ ಅಗಲವಾಗಿತ್ತು. ಅದನ್ನು ತುಂಬಿ ಹೊಸದಾಗಿ ಕೊರೆದೆ.

ಈಗ ಅಣ್ಣನ ಆಸೆಯ ಇಂಜಿನ್. ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್, ಫ್ಯಾನ್ ಗಾಳಿಯಲ್ಲಿ ತಣ್ಣಗಾಗುವಂಥದ್ದು. ಜಾಮ್ ಆಗಿತ್ತು. ಹಗ್ಗ ಎಳೆದು ಬಲವಂತ ಮಾಡುವುದರಲ್ಲಿ ಅರ್ಥವಿಲ್ಲ. ಪ್ಲಗ್ ತೆಗೆದು ಎಣ್ಣೆ ಬಿಟ್ಟು ಕಾದೆ. ಆಮೇಲೆ ಫ್ಲೈವೀಲ್ ನಟ್ಟಿಗೆ ಉದ್ದ ಸ್ಪಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತಾ ಬಿಡಿಸಿದೆ. ಸಿಲಿಂಡರ್ ಎತ್ತಿದಾಗ ಪಿಸ್ಟನ್ ನಿಂತಿದ್ದ ಜಾಗದಲ್ಲಿ ತುಕ್ಕಿನ ಬಳೆ. ಹೋನಿಂಗ್ ಮಾಡಿ, ಅಂದರೆ ಒಳಗೋಡೆಯನ್ನು ಉಜ್ಜಿ ನಯ ಮಾಡಿದ ಮೇಲೆ ಉಗುರಿಗೆ ಏನೂ ತಗುಲಲಿಲ್ಲ, ಹೊಸ ರಿಂಗ್ ಹಾಕಿದೆ. ಫ್ಯಾನ್ ಕವಚದೊಳಗೆ ಇಲಿಗಳು ತುರುಕಿದ್ದ ಹುಲ್ಲನ್ನು ಪೂರ್ತಿ ಎಳೆದು ತೆಗೆದೆ. ಅದಿದ್ದರೆ ಇಂಜಿನ್ ಓಡುತ್ತದೆ, ಆದರೆ ಹೆಚ್ಚು ಹೊತ್ತಲ್ಲ.

ಟೂ-ಸ್ಟ್ರೋಕ್ ಹಳೆಯದಾದರೆ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್‌ ಮೇಲೆ ಅನುಮಾನ ಇಡಿ. ರಬ್ಬರ್ ಗಟ್ಟಿಯಾಗಿ ಸಂದು ಬಿಟ್ಟರೆ ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಬಿಸಿ ಏರಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ರಿಂಗ್ ಹಾಕಿ ಹಳೆ ಸೀಲ್ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಪರೀಕ್ಷೆಗೆ ನಾನು ಬಳಸಿದ್ದು ರಕ್ತದೊತ್ತಡ ನೋಡುವ ಹಳೆಯ ಮುಳ್ಳಿನ ಯಂತ್ರ. ಅದರ ಪಟ್ಟಿ ಬಿಚ್ಚಿ, ಕೊಳವೆಯನ್ನು ರಬ್ಬರ್ ಬಿರಡೆಯ ಮೂಲಕ ಇನ್‌ಟೇಕ್ ಬಾಯಿಗೆ ಸೇರಿಸಿ, ಸೈಲೆನ್ಸರ್ ಬಾಯಿಯನ್ನೂ ಮುಚ್ಚಿದೆ. ಬಲ್ಬ್ ಒತ್ತಿ ಮುಳ್ಳು 300ಕ್ಕೆ ಏರಿಸಿದೆ. ಅದು ಸುಮಾರು 5.8 ಪಿಎಸ್ಐ, ಈ ಪರೀಕ್ಷೆಗೆ ಬೇಕಾದಷ್ಟೇ. ನೋಡನೋಡುತ್ತಿದ್ದಂತೆ ಮುಳ್ಳು ಇಳಿಯಿತು. ಸೋಪಿನ ನೀರು ಹಚ್ಚಿದಾಗ ಫ್ಲೈವೀಲ್ ಕಡೆಯ ಸೀಲಿನ ಸುತ್ತ ನೊರೆ ಎದ್ದಿತು. ಎರಡೂ ಸೀಲ್ ಬದಲಿಸಿ ಮತ್ತೆ ಒತ್ತಿದೆ. ಮುಳ್ಳು ಅಲುಗಲಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಗಳಿಗೆ ಅದು, ಇಂಜಿನ್ ಸ್ಟಾರ್ಟ್ ಆಗಿದ್ದಕ್ಕಿಂತಲೂ.

ಕಾರ್ಬ್ಯುರೇಟರಿನ ಡಯಾಫ್ರಮ್ ಸೆಟೆದು ನಿಂತಿತ್ತು, ಕಿಟ್ ಬದಲಿಸಿದೆ. ಕಿಡಿಗೆ ಬೇಕಾದ ಪಾಯಿಂಟ್ ಉಜ್ಜಿ, ಗ್ಯಾಪ್ ಹೊಂದಿಸಿ, ಕಂಡೆನ್ಸರ್ ಹೊಸದು ಹಾಕಿದೆ. ಗಾಡಿಯ ತಗಡಿನ ಮೇಲೆ 20ಕ್ಕೆ 1ರಂತೆ ಎಣ್ಣೆ ಬೆರೆಸಿ ಅಂತ ಬರೆದಿದೆ. ಅದು ಆ ಕಾಲದ ಎಣ್ಣೆಯ ಮಾತು. ನಾನು ಈಗಿನ ಟೂ-ಟಿ ಎಣ್ಣೆಯನ್ನು 32ಕ್ಕೆ 1ರಂತೆ ಹಾಕುತ್ತೇನೆ, ಲೀಟರಿಗೆ ಸುಮಾರು 31 ಮಿ.ಲೀ. ಹಗ್ಗ ಎಳೆದಾಗ ಮೊದಲು ಕೆಮ್ಮಿತು, ಆಮೇಲೆ ಹಿಡಿಯಿತು. ಅಣ್ಣ ಬಂದು "ನೋಡಿದ್ಯಾ, ಇಷ್ಟೇ ಅಲ್ವಾ, ಇದನ್ನೇ ಮೊದಲು ಮಾಡಬಹುದಿತ್ತು" ಅಂದ. ಹೊಗೆಯಲ್ಲಿ ನಿಂತು ವಾದ ಮಾಡುವ ಮನಸ್ಸಾಗಲಿಲ್ಲ. ಇಂಜಿನ್ನಿಂದ ಗೇರ್‌ಬಾಕ್ಸಿಗೆ ಗೇರ್‌ಲೆಸ್ ಸ್ಕೂಟರಿನಲ್ಲಿ ಇರುವಂಥದ್ದೇ ವೇರಿಯೇಟರ್ ಬೆಲ್ಟ್. ಅದರ ಮೇಲೆ ನೀರು ಚಿಮ್ಮಿದರೆ ಜಾರುತ್ತದೆ, ಹಾಗಾಗಿ ಅದಕ್ಕೊಂದು ಅಡ್ಡತಟ್ಟೆ ಕಟ್ಟಿದೆ.

ಟೈರಿನಲ್ಲಿ ನಾನು ಕಲಿತಿದ್ದು ಜಾಸ್ತಿ. ಅಳತೆ 21×11-8, ಗಾಳಿ ಬೇಕಾಗಿದ್ದು ಬರೀ 2 ಪಿಎಸ್ಐ. ಕಾರಿನ ಗೇಜು ಅಷ್ಟು ಕಡಿಮೆಯಲ್ಲಿ ಮುಳ್ಳೇ ಎತ್ತಲ್ಲ. ಮತ್ತೆ ರಕ್ತದೊತ್ತಡದ ಯಂತ್ರವೇ ಗತಿ: 2 ಪಿಎಸ್ಐ ಅಂದರೆ ಅದರಲ್ಲಿ 103. ಆದರೆ ಒತ್ತಡ ಸಮ ಮಾಡಿದರೆ ಸಾಲದು. ಒಂದು ಬದಿಯ ಮೂರು ಚಕ್ರ ಚೈನಿನಿಂದ ಕಟ್ಟಿಹಾಕಿದಂತಿವೆ, ಮೂರೂ ಒಂದೇ ಸುತ್ತು ತಿರುಗಲೇಬೇಕು. ಒಂದರ ಸುತ್ತಳತೆ ಜಾಸ್ತಿ ಇದ್ದರೆ ಅದು ಪ್ರತಿ ಸುತ್ತಿಗೂ ನೆಲದ ಮೇಲೆ ಜಾರಬೇಕು, ಇಲ್ಲವೇ ಚೈನನ್ನು ಎಳೆಯಬೇಕು. ಮೆತ್ತನೆ ಮಣ್ಣಲ್ಲಿ ಜಾರುತ್ತದೆ, ಗಟ್ಟಿ ನೆಲದಲ್ಲಿ ಚೈನ್ ನರಳುತ್ತದೆ. ಹಳೆಯ ಟೈರುಗಳು ಒಂದೊಂದೂ ಒಂದೊಂದು ಥರ ಹಿಗ್ಗಿರುತ್ತವೆ. ಅದಕ್ಕೆ ದರ್ಜಿಯ ಟೇಪಿನಲ್ಲಿ ಸುತ್ತಳತೆ ಅಳೆದು, ಹತ್ತಿರದ ಅಳತೆಯವನ್ನು ಒಂದು ಬದಿಗೆ ಸೇರಿಸಿ, ಉಳಿದ ವ್ಯತ್ಯಾಸವನ್ನು ಗಾಳಿಯಲ್ಲಿ ಹೊಂದಿಸಿದೆ. ಎರಡು ಟೈರಿನ ಪಕ್ಕೆ ಬಿರಿದಿತ್ತು, ಒಳಗೆ ಟ್ಯೂಬ್ ಹಾಕಿದೆ.

ಇನ್ನೊಂದು ಲೆಕ್ಕ ಮನಸ್ಸಿಗೆ ಧೈರ್ಯ ಕೊಟ್ಟಿತು. ಈ ಅಳತೆಯ ಒಂದು ಟೈರು ಪೂರ್ತಿ ಮುಳುಗಿದರೆ 40 ಲೀಟರಿಗಿಂತ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರು ಸೇರಿದರೆ 240 ಲೀಟರಿನ ಮೇಲೆ. ನನ್ನ ಗಾಡಿಯ ತೂಕ ಸುಮಾರು 220 ಕೆ.ಜಿ. ಅಂದರೆ ತೊಟ್ಟಿಯೊಳಗೆ ನೀರು ತುಂಬಿದರೂ ಖಾಲಿ ಗಾಡಿಯನ್ನು ಟೈರುಗಳೇ ಹಿಡಿದುಕೊಳ್ಳುತ್ತವೆ. ಇಂಜಿನ್ ನೆನೆಯುತ್ತದೆ, ಗಾಡಿ ತಳ ಸೇರಲ್ಲ. ಹಾಗಂತ ಲೈಫ್ ಜಾಕೆಟ್ ಬಿಟ್ಟು ಇಳಿಯಬೇಡಿ. ಈ ಲೆಕ್ಕದಲ್ಲಿ ಸವಾರರ ತೂಕ ಸೇರಿಲ್ಲ.

ನೀರಿಗೆ ಇಳಿಸಿದ್ದು ಗಾಳಿ ಇಲ್ಲದ ಒಂದು ಬೆಳಿಗ್ಗೆ. ತಳದ ಡ್ರೈನ್ ಬಿರಡೆ ಹಾಕಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿದೆ. ಹಿಂದಿನ ಕೊಕ್ಕೆಗೆ ಹಗ್ಗ ಕಟ್ಟಿ ತುದಿಯನ್ನು ಅಣ್ಣನ ಕೈಗೆ ಕೊಟ್ಟೆ. ಒಳಗೆ 12 ವೋಲ್ಟಿನ ಪಂಪ್, ನೀರು ಏರಿದರೆ ತಾನೇ ಚಾಲೂ ಆಗುವ ಫ್ಲೋಟ್ ಸ್ವಿಚ್ ಜೊತೆ. ಮುಂದಿನ ಚಕ್ರಗಳು ನೆಲ ಬಿಟ್ಟವು, ಮೂತಿ ಎದ್ದಿತು, ಆಮೇಲೆ ಹಿಂಭಾಗವೂ ಎದ್ದು ಗಾಡಿ ಸಮವಾಯಿತು. ನೀರಿನ ಗೆರೆ ಹಿಂದೆ ತುಸು ಜಾಸ್ತಿ ಇತ್ತು, ಬ್ಯಾಟರಿಯನ್ನು ಮುಂದಕ್ಕೆ ತಂದ ಮೇಲೆ ಸರಿಹೋಯಿತು. ವೇಗ ನಡೆಯುವವರಿಗಿಂತಲೂ ಕಡಿಮೆ. ಎಕ್ಸಲೇಟರ್ ಜಾಸ್ತಿ ಕೊಟ್ಟರೆ ಚಕ್ರ ನೀರನ್ನು ಎರಚುತ್ತದೆಯೇ ಹೊರತು ಗಾಡಿ ಮುಂದೆ ಹೋಗಲ್ಲ. ಅರ್ಧಕ್ಕಿಂತ ಕಡಿಮೆಯಲ್ಲಿ ಇಟ್ಟರೇ ಚೆನ್ನಾಗಿ ಸಾಗುತ್ತದೆ. ಲಿವರ್ ಎಳೆದರೆ ತಿರುಗುತ್ತದೆ, ಅವಸರ ಮಾತ್ರ ಇಲ್ಲ.

ದಡಕ್ಕೆ ಬಂದು ಬಿರಡೆ ತೆಗೆದಾಗ ಒಂದು ಚೊಂಬಿನಷ್ಟು ನೀರು ಬಂತು. ಎಲ್ಲ ಅದೇ ಬಲಗಡೆ ಹಿಂದಿನ ಆಕ್ಸಲ್‌ನಿಂದ. ಅಲ್ಲೇ ಹೊರಗಿನ ಆರೂ ಬೇರಿಂಗ್‌ಗೆ ಗ್ರೀಸ್ ಗನ್ ಹಿಡಿದೆ. ಇದನ್ನು ಮನೆಗೆ ಹೋಗಿ ಮಾಡೋಣ ಅಂತ ಬಿಡಬಾರದು. ಓಡಿ ಬಿಸಿಯಾದ ಬೇರಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಂಡಿರುತ್ತದೆ. ಹೊಸ ಗ್ರೀಸ್ ಅದನ್ನು ಹೊರಗೆ ತಳ್ಳುತ್ತದೆ. ನಿಧಾನಕ್ಕೆ ಒತ್ತಬೇಕು, ಸೀಲಿನ ಅಂಚಲ್ಲಿ ಹಳೆ ಗ್ರೀಸ್ ಇಣುಕಿದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ಒತ್ತಿದರೆ ಸೀಲೇ ಹಾರಿಹೋಗುತ್ತದೆ.

ಅಣ್ಣನಿಗೆ ಈಗ ಆಸಕ್ತಿ ಬಂದಿದೆ. ನೀರಲ್ಲಿ ಇಷ್ಟು ನಿಧಾನ ಸಾಲದು, ಹಿಂದೆ ಒಂದು ಔಟ್‌ಬೋರ್ಡ್ ಮೋಟರ್ ಕೂರಿಸು ಅಂತಾನೆ. ಸಣ್ಣ ಮೋಟರೂ ಸಾಮಾನ್ಯವಾಗಿ ಹತ್ತು ಕೆ.ಜಿ. ದಾಟುತ್ತದೆ. ಅಷ್ಟು ಭಾರ ಹಿಂಭಾಗದ ಬರೀ ಪ್ಲಾಸ್ಟಿಕ್ ಗೋಡೆಗೆ ಜೋತುಬಿದ್ದರೆ ಈಗಷ್ಟೇ ಮುಚ್ಚಿದ ಬಿರುಕುಗಳು ಮತ್ತೆ ಬಾಯಿ ತೆರೆಯುತ್ತವೆ. ಕೂರಿಸಲೇಬೇಕು ಅಂದರೆ ಒಳಗಿನ ಫ್ರೇಮಿನಿಂದ ಬ್ರಾಕೆಟ್ ತರಬೇಕು. ಅದಕ್ಕೆ ಗೋಡೆಯಲ್ಲಿ ಇನ್ನೂ ನಾಲ್ಕು ತೂತು ಕೊರೆಯಬೇಕು. ಸದ್ಯಕ್ಕೆ ಆಗಲ್ಲ ಅಂದಿದ್ದೇನೆ. ಮೊದಲು ಬಲಗಡೆ ಹಿಂದಿನ ಪ್ಯಾಕಿಂಗ್ ಬದಲಿಸಬೇಕು. ಅದಕ್ಕೆ ರಬ್ಬರ್ ಹಾಳೆ ಕತ್ತರಿಸಿಟ್ಟಿದ್ದೇನೆ.